ಅತ್ತಿಗೆಯ ಆಡು, ನನ್ನ ಬಾರ್ಲಿ ಚರಟ

ನಮ್ಮ ಅತ್ತಿಗೆ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವರು. ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ, ಗೋಡೆಗುಂಟ ಆರು ಯಂತ್ರ, ನಡುವೆ ಬಟ್ಟೆ ಮಡಿಸುವ ಮೇಜು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಅವರು ಹೊದಿಕೆಯನ್ನು ಬೆರಳಲ್ಲಿ ಸವರಿ, ಇದು ಇನ್ನು ನಾಲ್ಕು ಒಗೆತ ತಡೆಯುತ್ತದೆ, ಇದು ತಡೆಯುವುದಿಲ್ಲ ಎಂದು ಬೇರೆ ಬೇರೆ ಇಡುತ್ತಿದ್ದರು. ಒಮ್ಮೆ ಹಿರಿಯ ವೈದ್ಯರೊಬ್ಬರು ತಮ್ಮ ಬಿಳಿ ಕೋಟು ಸರಿಯಾಗಿ ಒಗೆದಿಲ್ಲ ಎಂದು ಕೂಗಾಡಿಕೊಂಡು ಕೆಳಗೆ ಬಂದರಂತೆ. ಅತ್ತಿಗೆ ಕೋಟು ನೋಡಿ, ಇದು ನಮ್ಮಲ್ಲಿ ಒಗೆದದ್ದೇ ಅಲ್ಲ, ನಿಮ್ಮ ಮನೆಯಲ್ಲಿ ಒಗೆದದ್ದು ಎಂದರಂತೆ. ನಿಜವೂ ಅದೇ ಆಗಿತ್ತು. ಆಮೇಲೆ ಆ ವೈದ್ಯರು ಮೆಟ್ಟಿಲ ಬಳಿ ಎದುರಾದಾಗಲೆಲ್ಲ ತಾವೇ ಮೊದಲು ತಲೆಯಾಡಿಸುತ್ತಿದ್ದರು.

ನಿವೃತ್ತಿಯಾದಾಗ ಎಲ್ಲರೂ ಇನ್ನು ಆರಾಮಾಗಿರಿ ಎಂದು ಹರಸಿ ಕಳಿಸಿದರು. ಮೂರೇ ವಾರಕ್ಕೆ ಅತ್ತಿಗೆ ಎರಡು ಆಡು ಕೊಂಡು ತಂದರು. ನಮ್ಮಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುವವನು; ಮುಂದಿನ ಕೋಣೆಯ ತುಂಬ ಅವನ ಸ್ಕ್ರೂ, ಸ್ಪ್ರಿಂಗು, ಎಣ್ಣೆ ಡಬ್ಬಿ. ಹಿಂದಿನ ಅಂಗಳದಲ್ಲಿ ಇನ್ನು ಹಿಕ್ಕೆ ಗುಡಿಸಬೇಕಾ ಎಂದು ಅವನು ಗೊಣಗಿದ್ದಕ್ಕೆ, ನಿಮ್ಮ ಸ್ಕ್ರೂ ಗುಡಿಸಿಲ್ಲವೇ ಇಷ್ಟು ವರ್ಷ ಎಂದು ಕೇಳಿದರು. ಮಾತು ಅಲ್ಲಿಗೇ ಮುಗಿಯಿತು. ಕಂದು ಬಣ್ಣದ ದೊಡ್ಡ ಆಡು ಎಲ್ಲರ ಮೇಲೂ ಕಣ್ಣಿಟ್ಟು, ಯಾರ ಮಾತನ್ನೂ ಕೇಳದೆ ಓಡಾಡುತ್ತಿದ್ದುದರಿಂದ ಅದಕ್ಕೆ ಹೆಡ್ ನರ್ಸ್ ಎಂದು ಹೆಸರಿಟ್ಟರು. ಅದರ ಹಿಂದೆ ಹಿಂದೆಯೇ ಹೋಗುವ ಚಿಕ್ಕದು ಆಯಾ.

ಇನ್ನು ನನ್ನ ವಿಷಯ. ನಾನು ಕನ್ನಡಕದ ಗಾಜು ಉಜ್ಜುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು ಬರುವ ಕಸುಬು, ಹಾಗಾಗಿ ನನ್ನ ಲೆಕ್ಕಾಚಾರದ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು. ಆ ಜಂಬದಲ್ಲೇ ಮನೆಯಲ್ಲಿ ಬಿಯರ್ ಮಾಡಲು ಹೊರಟೆ. ಹೆಂಡತಿ ಅಡುಗೆಮನೆಯಿಂದ ಹೊರದಬ್ಬಿದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಒಲೆ ಹೂಡಿದೆ. ಕೆಲಸ ಹೇಳುವಷ್ಟು ಕಷ್ಟದ್ದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬೆರಳಿಟ್ಟರೆ ತಡೆಯಲಾರದಷ್ಟು ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಚ್ಚಿಡಬೇಕು. ಕಾಳಿನೊಳಗಿನ ಹಿಟ್ಟೆಲ್ಲ ಸಿಹಿಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿನೀರು ಹುದುಗಿ ಬಿಯರ್ ಆಗುತ್ತದೆ. ಪಾತ್ರೆಯ ತಳದಲ್ಲಿ ಉಳಿಯುವ ಒದ್ದೆ ಬಾರ್ಲಿಗೆ ನಾವು ಚರಟ ಎನ್ನುತ್ತೇವೆ, ಟೀ ಸೋಸಿದ ಮೇಲೆ ಉಳಿಯುವುದಕ್ಕೆ ಅನ್ನುವ ಹಾಗೆ.

ಮೊದಲ ಸಲ ಆ ಚರಟವನ್ನು ಕಸದ ತೊಟ್ಟಿಗೆ ಒಯ್ಯುತ್ತಿದ್ದಾಗ ಅತ್ತಿಗೆ ಬೀದಿಯಲ್ಲಿ ಸಿಕ್ಕರು. ಬಕೆಟ್ಟಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಹಿಂಡಿದರು, ಮೂಸಿದರು, ಎರಡು ಕಾಳು ಬಾಯಿಗೆ ಹಾಕಿ ಅಗಿದರು. ನಡುಬೀದಿಯಲ್ಲಿ ನಿಂತು ನೆಲದ ಕಡೆ ನೋಡುತ್ತಾ ಅಗಿಯುತ್ತಲೇ ಇದ್ದರು. ಆಮೇಲೆ ಬಕೆಟ್ಟನ್ನೇ ನನ್ನ ಕೈಯಿಂದ ಕಸಿದುಕೊಂಡು ಮನೆ ಕಡೆ ನಡೆದರು. ಪಕ್ಕದ ಮನೆಯಾಕೆ ಆಡುಗಳಿಗೆ ಅಮಲೇರೀತು ಎಂದು ಹೆದರಿಸಿದಾಗ, ಕುಡಿಯುವುದು ನನ್ನ ಮೈದುನ, ಇವು ಬರೀ ಹೊಟ್ಟು ತಿನ್ನುತ್ತವೆ ಎಂದು ಸಮಾಧಾನ ಹೇಳಿದರು.

ಅಲ್ಲಿಂದ ಆರು ವರ್ಷ, ತಿಂಗಳಿಗೆ ಎರಡು ಭಾನುವಾರ ಒಂದೊಂದು ಬಕೆಟ್ಟು. ಅತ್ತಿಗೆ ಕಟ್ಟುನಿಟ್ಟು. ಮೊದಲ ವಾರ ಒಂದೊಂದು ಹಿಡಿ, ಮುಂದಿನ ವಾರ ಎರಡೆರಡು. ಹೊಸ ಮೇವಿಗೆ ಹೊಟ್ಟೆ ಒಗ್ಗಿದ ಮೇಲೆ ತಲೆಗೆ ಎರಡು ಮಗ್ಗು, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಉಳಿದದ್ದನ್ನು ಅಂದೇ ಹಳೆಯ ಹೊದಿಕೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಬೇಕು. ಹುಳಿ ವಾಸನೆ ಬಂದದ್ದು, ಬೂಷ್ಟು ಹಿಡಿದದ್ದು ಗೊಬ್ಬರದ ಗುಂಡಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಬಕೆಟ್ಟಿನಿಂದ ಎರಡು ಕಾಳು ಅವರ ಬಾಯಿಗೆ ಹೋಗಬೇಕು. ನಾನು ನನ್ನ ಬಿಯರಿನ ರುಚಿಯನ್ನು ಹೊಗಳಿಕೊಳ್ಳುತ್ತಾ ನಿಂತಿರುತ್ತಿದ್ದೆ, ಅವರು ಅಗಿದು ಮುಗಿಸಿ, ಆಡುಗಳ ಪಾಲಿಗೆ ನೀನು ಒಳ್ಳೆಯ ಅಡುಗೆಯವನು ಎನ್ನುತ್ತಿದ್ದರು. ನನ್ನ ಬಿಯರನ್ನು ಮಾತ್ರ ಅವರು ಒಮ್ಮೆಯೂ ಕುಡಿದು ನೋಡಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಒಂದು ಭಾನುವಾರ, ನನ್ನ ಥರ್ಮಾಮೀಟರು ಕೈಕೊಟ್ಟಿತು. ಅದರ ಮುಳ್ಳು ಸರಿಯಾದ ಜಾಗದಲ್ಲೇ ಸಿಕ್ಕಿಕೊಂಡು ನಿಂತಿದೆ, ನೀರು ಮಾತ್ರ ಉಗುರುಬೆಚ್ಚಗಿದೆ. ಬೆರಳಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಉಪಕರಣ ಇರುವಾಗ ಬೆರಳೇಕೆ ಎಂದು ಕೂತಿದ್ದೆ. ಗಂಟೆಯಾದ ಮೇಲೆ ಬಸಿದರೆ ಬಂದದ್ದು ಗಂಜಿಯಂಥ ಬಿಳಿ ನೀರು, ಸಿಹಿಯ ಸುಳಿವೇ ಇಲ್ಲ. ಹಿಟ್ಟೆಲ್ಲ ಕಾಳಿನಲ್ಲೇ ಉಳಿದುಬಿಟ್ಟಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಕೆಡದ ನನ್ನ ಕೆಲಸ ಕೆಟ್ಟಿತ್ತು. ಯಾರಾದರೂ ನೋಡುವ ಮೊದಲೇ ನೀರನ್ನು ಮೋರಿಗೆ ಸುರಿದೆ. ಬಾರ್ಲಿಯನ್ನು ಬಕೆಟ್ಟಿಗೆ ತುಂಬಿದೆ. ಹಿಟ್ಟು ಉಳಿದಿದ್ದರೆ ಆಡುಗಳಿಗೆ ಇನ್ನೂ ಪುಷ್ಟಿಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತಿಗೆ ಹಿಂದಿನ ದಿನ ದವಡೆ ಹಲ್ಲು ಕೀಳಿಸಿಕೊಂಡಿದ್ದರು. ಕೆನ್ನೆ ಊದಿ, ಬಾಯಲ್ಲಿ ಹತ್ತಿ, ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ಬಕೆಟ್ಟು ಕಂಡೊಡನೆ ಕೈ ಚಾಚಿದರು, ಆಮೇಲೆ ಬಾಯಿಯ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು.

"ಸರಿಯಾಗಿದೆಯೇನೋ?"

"ಎಂದಿನ ಹಾಗೇ ಇದೆ ಅತ್ತಿಗೆ," ಎಂದೆ.

ಹಾಗಾದರೆ ನೀನೇ ಹಾಕಿಬಿಡು ಎಂದು ಕೈಸನ್ನೆ ಮಾಡಿ ಕಣ್ಣು ಮುಚ್ಚಿದರು. ಅಂಗಳದಲ್ಲಿ ಮಗ್ಗು ಅದರ ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ. ಉಳಿಸಿದರೆ ನಾಳೆ ಅತ್ತಿಗೆ ಅಗಿದು ನೋಡಿಯೇ ನೋಡುತ್ತಾರೆ, ಬಣ್ಣ ಬಯಲಾಗುತ್ತದೆ. ಬಕೆಟ್ಟನ್ನು ಪೂರ್ತಿ ಬೋಗುಣಿಗೆ ಬೋರಲು ಹಾಕಿದೆ. ಹೆಡ್ ನರ್ಸ್ ಆಯಾಳನ್ನು ಕೊಂಬಿನಿಂದ ಪಕ್ಕಕ್ಕೆ ನೂಕಿ, ಒಂದೇ ಸಮನೆ ತಿಂದು ಮುಗಿಸಿತು. ನನಗೆ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಅಣ್ಣನ ಮನೆಗೆ ಇಣುಕಿದೆ. ಅಣ್ಣ ಯಾವುದೋ ಕಾರ್ಖಾನೆಯ ಯಂತ್ರ ನೋಡಲು ಹೋಗಿದ್ದ. ಅಂಗಳದಲ್ಲಿ ಹೆಡ್ ನರ್ಸ್ ತಲೆ ಇಳಿಬಿಟ್ಟು ನಿಂತಿತ್ತು. ಎಡಹೊಟ್ಟೆ ಉಬ್ಬಿ ಬಿಗಿದಿತ್ತು. ಮೆಲುಕಿಲ್ಲ, ಹಲ್ಲು ಕಡಿಯುವ ಸದ್ದು ಮಾತ್ರ. ಅತ್ತಿಗೆ ಅದರ ಕತ್ತು ಹಿಡಿದುಕೊಂಡು ನಿಂತಿದ್ದರು. ಅವರ ಊದಿದ ಕೆನ್ನೆ, ಅದರ ಊದಿದ ಹೊಟ್ಟೆ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅಂದು ನನ್ನ ಕಣ್ಣು ಖಾಲಿ ಬೋಗುಣಿಯ ಕಡೆ ಹೋಯಿತು.

ಪಶುವೈದ್ಯೆ ಆಗಲೇ ಬಂದಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ, ಕೈ ಚುರುಕು. ಹೊಟ್ಟೆ ಒತ್ತಿ, ಕಿವಿಗೊಟ್ಟು ಕೇಳಿ, ನಿನ್ನೆ ಏನು ತಿಂದಿತು ಎಂದು ವಿಚಾರಿಸಿದರು. ನೊರೆಗಾಳಿ ತುಂಬಿದ್ದರೆ ಎಣ್ಣೆ ಕುಡಿಸಬೇಕಂತೆ. ಹಸಿ ಕಾಳು ಮುಕ್ಕಿ ಹೊಟ್ಟೆಯೊಳಗೆ ಹುಳಿಯೇರಿದ್ದರೆ ಚಿಕಿತ್ಸೆಯೇ ಬೇರೆಯಂತೆ, ಅದಕ್ಕೆ ಸಮಯವೂ ಕಡಿಮೆಯಂತೆ. ಕಾಳೇನಾದರೂ ತಿಂದಿದೆಯಾ ಎಂದು ಎರಡನೆಯ ಸಲ ಕೇಳಿದರು.

ಅತ್ತಿಗೆ ಬಾಯಿಂದ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಮಾತು ಸ್ಪಷ್ಟವಾಗಿ ಬರಲಿ ಎಂದು.

"ಬಾರ್ಲಿ ಚರಟ ಎರಡು ಮಗ್ಗು ತಿಂದಿದೆ, ಅಷ್ಟೇ. ಆರು ವರ್ಷದಿಂದ ಹಾಕ್ತಿದೀನಿ. ಅದು ನಮ್ಮ ಮೈದುನ ತರೋದು, ಅವನ ಕೈಕೆಲಸದಲ್ಲಿ ದೋಷ ಇರಲ್ಲ. ನೀವು ಬೇರೆ ಏನಾದ್ರೂ ಇದೆಯಾ ನೋಡಿ."

ಮೂವತ್ತೊಂದು ವರ್ಷ ಯಾವ ಬಟ್ಟೆಯನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳದ ಹೆಂಗಸು ನನ್ನ ಪರವಾಗಿ ಹಾಗೆ ಹೇಳಿದರು. ವೈದ್ಯೆ ಚೀಲದಿಂದ ಎಣ್ಣೆಯ ಬಾಟಲಿ ತೆಗೆದರು. ಬಾಟಲಿಯ ಮುಚ್ಚಳ ತಿರುಗುವುದನ್ನು ನೋಡುತ್ತಾ ನಿಂತೆ. ಅದು ಮೂರು ಸುತ್ತು ತಿರುಗಿತು. ಅಷ್ಟು ಹೊತ್ತು ನಾನು ಆಡಿನ ಜೀವಕ್ಕಿಂತ ನನ್ನ ಮರ್ಯಾದೆಯನ್ನೇ ತೂಗುತ್ತಿದ್ದೆ ಎನ್ನುವುದು ಇವತ್ತಿಗೂ ನನಗೆ ನಾಚಿಕೆ.

"ಎಣ್ಣೆ ಬೇಡ ಡಾಕ್ಟ್ರೇ. ನಿನ್ನೆ ಬಾರ್ಲಿ ಬೆಂದಿರಲಿಲ್ಲ, ಹಿಟ್ಟೆಲ್ಲ ಒಳಗೇ ಇತ್ತು. ನನಗೆ ಗೊತ್ತಿತ್ತು. ಬಕೆಟ್ ಪೂರ್ತಿ ಸುರಿದೆ. ಹೆಚ್ಚುಕಮ್ಮಿ ಎಲ್ಲಾನೂ ಇದೊಂದೇ ತಿಂತು."

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಹತ್ತಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡು, ಅಡುಗೆಮನೆಯಲ್ಲಿ ಸೋಡಾಪುಡಿ ಎಲ್ಲಿದೆ ಎಂದು ನನಗೆ ಬೆರಳಲ್ಲಿ ತೋರಿಸಿದರು. ನಾನು ಓಡಿದೆ. ಬೆಚ್ಚಗಿನ ನೀರಿಗೆ ಸೋಡಾ ಕಲಸಿ, ವೈದ್ಯೆ ಹೇಳಿದ ಹಾಗೆ, ಆಡಿನ ಬಾಯಿಯ ಪಕ್ಕದಿಂದ ಗುಟುಕು ಗುಟುಕಾಗಿ ಕುಡಿಸಿದೆವು. ಕತ್ತು ಹಿಡಿದವರು ಅತ್ತಿಗೆ, ಬಾಟಲಿ ಹಿಡಿದವನು ನಾನು. ವೈದ್ಯೆ ಎರಡು ಸೂಜಿ ಚುಚ್ಚಿದರು, ಒಣಹುಲ್ಲು ಬಿಟ್ಟು ಬೇರೇನೂ ಕೊಡಬೇಡಿ ಎಂದರು. ಎಣ್ಣೆ ಕುಡಿಸಿ ಸಂಜೆವರೆಗೆ ಕಾದಿದ್ದರೆ ಆಡು ಉಳಿಯುತ್ತಿರಲಿಲ್ಲ ಎಂದು ಹೊರಡುವಾಗ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿಹೋದರು.

ಅಂದು ನಾನು ಅಂಗಡಿ ತೆರೆಯಲಿಲ್ಲ. ಗಂಟೆಗೊಮ್ಮೆ ಹೆಡ್ ನರ್ಸನ್ನು ಅಂಗಳದಲ್ಲಿ ನಿಧಾನವಾಗಿ ಸುತ್ತಿಸುತ್ತಿದ್ದೆವು. ಅತ್ತಿಗೆ ಹಗ್ಗ ನನ್ನ ಕೈಗೆ ಕೊಡುತ್ತಿದ್ದರು, ಮತ್ತೆ ತಾವು ತೆಗೆದುಕೊಳ್ಳುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂರನೆಯ ದಿನ ಮಧ್ಯಾಹ್ನ ಆಡು ನಾಲ್ಕು ಎಸಳು ಹುಲ್ಲು ಎಳೆದುಕೊಂಡಿತು, ಆಮೇಲೆ ಮಲಗಿ ಮೆಲುಕು ಹಾಕತೊಡಗಿತು. ಅತ್ತಿಗೆ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಆಗ ಅಣ್ಣ ಮುಂದಿನ ಕೋಣೆಯಿಂದ ಎದ್ದು ಬಂದ. ಕೈಯಲ್ಲಿ ಸ್ಕ್ರೂಡ್ರೈವರು. ಅಷ್ಟಕ್ಕೂ ಇದಕ್ಕೆ ಆದದ್ದಾದರೂ ಏನು, ನೀನು ಇಷ್ಟು ವರ್ಷ ತಪ್ಪಿದವಳೇ ಅಲ್ಲವಲ್ಲ ಎಂದು ಕೇಳಿದ.

"ಹಲ್ಲು ಕೀಳಿಸ್ಕೊಂಡಿದ್ದೆ ನೋಡಿ, ಬಕೆಟ್ ಪರೀಕ್ಷೆ ಮಾಡದೇ ಹಾಕಿಸಿಬಿಟ್ಟೆ. ನನ್ನದೇ ತಪ್ಪು," ಎಂದರು ಅತ್ತಿಗೆ.

ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ. ವಯಸ್ಸಾಯಿತು ನಿನಗೂ ಎಂದು ಅಣ್ಣ ನಕ್ಕ. ಪಕ್ಕದ ಮನೆಯಾಕೆಗೂ ಅತ್ತಿಗೆ ಹಾಗೇ ಹೇಳಿದರು. ಆಸ್ಪತ್ರೆಯ ಹಳೆಯ ಗೆಳತಿಯರು ಬಂದಾಗಲೂ ಹಾಗೇ. ಇನ್ನೊಬ್ಬರ ತಪ್ಪಿನ ಒಂದು ನೂಲನ್ನೂ ಮೈಮೇಲೆ ಹಾಕಿಕೊಳ್ಳದೆ ಬದುಕಿದವರು, ಇದೊಂದನ್ನು ಕೇಳಿದವರಿಗೆಲ್ಲ ತಮ್ಮದೆಂದೇ ಹೇಳುತ್ತಾ ಬಂದರು. ಹೋದ ತಿಂಗಳು ತಡೆಯಲಾರದೆ, ಯಾಕೆ ಅತ್ತಿಗೆ ಹಾಗೆ ಹೇಳುತ್ತೀರಿ ಎಂದು ಕೇಳಿಬಿಟ್ಟೆ. ಅವರು ಒಣಗಿದ ಚರಟವನ್ನು ಡಬ್ಬಿಗೆ ತುಂಬುತ್ತಿದ್ದರು.

"ಆವತ್ತು ಡಾಕ್ಟರ ಮುಂದೆ ಹೇಳೋಕೆ ನಿನಗೆ ಎಷ್ಟು ಕಷ್ಟ ಆಯ್ತು ಅಂತ ನೋಡಿದೀನಿ. ಒಂದು ಸಲ ಹೇಳಿದೆಯಲ್ಲ, ಸಾಕು," ಎಂದರು.

ಸಾಕಾಗಲಿಲ್ಲ. ಅದಕ್ಕೇ ಈ ಬರಹ. ಅಣ್ಣಾ, ಅವರಿಗೆ ವಯಸ್ಸಾಗಿ ಮರೆವು ಬಂದದ್ದಲ್ಲ. ಆವತ್ತು ಅತ್ತಿಗೆ ಬಕೆಟ್ಟು ನೋಡಿ ಸರಿಯಾಗಿದೆಯೇ ಎಂದು ಕೇಳಿಯೇ ಕೇಳಿದ್ದರು. ನಾನು ಅವರ ಮುಖ ನೋಡಿಕೊಂಡು ಸುಳ್ಳು ಹೇಳಿದೆ.