ಸಿಫಿಸ್ ಕಂಡದ್ದನ್ನು ಹೇಳಿದ

ನಮ್ಮ ಕ್ರೀಟ್ ದ್ವೀಪದ ಬೆಟ್ಟದ ಕುರಿಗಾಹಿ ಸಿಫಿಸ್ ಎಷ್ಟು ಮೌನಿಯೆಂದರೆ, ಅವನ ಬಾಯಲ್ಲಿ ಜೇನು ಗೂಡು ಕಟ್ಟಿ ನಾವು ಎರಡು ಸಲ ತುಪ್ಪ ಇಳಿಸಿದ್ದೆವು. ಅಂಥವನು, ಗೆಳೆಯ ಮಾರ್ಕೋಸನ ಕುರಿಗಳನ್ನು ಆಚೆ ಊರಿನ ಮಥಿಯೋಸ್ ಕದ್ದೊಯ್ಯುವುದನ್ನು ಕಂಡ.

"ಕಂಡದ್ದನ್ನ ಠಾಣೆಗೆ ಹೇಳ್ಬೇಕು ಅಂತ ಕಾನೂನೇ ಇದೆ ಕಣೋ. ನಿನ್ನ ಹಿಂದೆ ನಾನಿರ್ತೀನಿ" ಎಂದು ಮಾರ್ಕೋಸನೇ ಕಳಿಸಿದ. ಸಿಫಿಸ್ ಹೋಗಿ, ಹೇಳಿ, ರುಜು ಹಾಕಿದ.

ವಾರದೊಳಗೆ ಹಿರಿಯರು ಹಳೇ ಪದ್ಧತಿಯಂತೆ ರಾಜಿ ಮಾಡಿಸಿದರು: ಕದ್ದವನು ಮಾರ್ಕೋಸನ ಹಸುಗೂಸು ಮಗಳಿಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನ ಮಾಡಿಸಿ ಧರ್ಮತಂದೆಯಾಗಬೇಕು; ಆಮೇಲೆ ಎರಡು ಮನೆಯೂ ನೆಂಟರು, ನೆಂಟರ ಮೇಲೆ ದೂರಿಲ್ಲ. ಮಾರ್ಕೋಸ್ ಠಾಣೆಯಲ್ಲಿ, "ಕುರಿ ಕಳುವಾಗೇ ಇಲ್ಲ ಸಾಹೇಬ್ರೆ, ಸಿಫಿಸ್ ಕನಸು ಕಂಡಿರ್ಬೇಕು" ಎಂದ.

ದೀಕ್ಷಾಸ್ನಾನದ ಊಟಕ್ಕೆ ಬೆಟ್ಟದ ಬಂಡೆಗಳಿಗೂ ಕರೆಯಿತ್ತು, ಸಿಫಿಸನಿಗಿರಲಿಲ್ಲ. ಅವನು ಮಾರ್ಕೋಸನ ಮನೆ ಬಾಗಿಲಲ್ಲಿ ನಿಂತು ಕೇಳಿದ: "ನೀನೇ ಅಲ್ವೇನೋ ಕಳಿಸಿದ್ದು?"

"ಮೆಲ್ಲಗೆ ಮಾತಾಡಪ್ಪ," ಎಂದ ಮಾರ್ಕೋಸ್. "ಒಳಗೆ ಮಥಿಯೋಸಣ್ಣ ಊಟಕ್ಕೆ ಕೂತಿದಾನೆ. ಚಾಡಿಕೋರನ ಮುಖ ಕಂಡ್ರೆ ಅವನಿಗೆ ತುತ್ತು ಇಳಿಯಲ್ಲ."