ಖಾಲಿ ಡಬ್ಬಿಗೆ ಬಿದ್ದ ತೂತು

ಗೆಳೆಯರೇ, ಇವತ್ತು ಬೈಲಹೊಂಗಲದ ಬಜಾರಿನಲ್ಲಿ ಹಾಡಹಗಲೇ ಒಂದು ಕೊಲೆ ಮಾಡಿ ಬಂದಿದ್ದೇನೆ. ಸತ್ತದ್ದು ಎಂಜಿನ್ ಆಯಿಲಿನ ಒಂದು ಖಾಲಿ ಡಬ್ಬಿ.

ಹೋದ ತಿಂಗಳು ಗ್ಯಾರೇಜಿನ ಬಸಣ್ಣ "ಕಂಪನಿ ಮಾಲ್ ರೀ" ಎಂದು ಕಂಪನಿ ಡಬ್ಬಿಯಿಂದಲೇ ಸುರಿದ ಆಯಿಲ್ ಕುಡಿದು ನನ್ನ ಬೈಕು ಮುರಗೋಡ ದಾರಿಯಲ್ಲಿ ಎಂಜಿನ್ ಜಾಮ್ ಆಗಿ ನಿಂತಿತ್ತು. ಆಗ ಆತ ನಗುತ್ತ, "ಮಷಿನ್ ಅಂದಮ್ಯಾಲ ಕೆಡೂದ ರೀ ಮಾಸ್ತರ್ರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಸಮಾಧಾನ ಹೇಳಿದ್ದ. ಎಂಥ ದೊಡ್ಡ ಮನಸ್ಸು!

ಅದಕ್ಕೇ ಇಂದು ಶೋರೂಮಿನಿಂದ ನಾನೇ ಆಯಿಲ್ ತಂದು, "ಇದನ್ನಷ್ಟ ಹಾಕಿ ಕೊಡ್ರಿ" ಎಂದೆ. ಬಸಣ್ಣ ಹಾಕಿದ. ಆಮೇಲೆ ಖಾಲಿ ಡಬ್ಬಿಯನ್ನು ಎಳೆಗೂಸಿನಂತೆ ಒರೆಸಿ, ಮುಚ್ಚಳ ತಿರುವಿ, ಒಳಗೆ ಒಯ್ಯಲು ಹೊರಟ. ನಾನು ಅದನ್ನು ಕಸಿದುಕೊಂಡು, ಅವನದೇ ಸ್ಕ್ರೂಡ್ರೈವರಿನಿಂದ ಅದರ ಹೊಟ್ಟೆಗೆ ತೂತು ಹಾಕಿದೆ.

"ಅಯ್ಯ ಮಾಸ್ತರ್ರ! ಚೊಲೊ ಡಬ್ಬಿ ಹಾಳ ಮಾಡಿದ್ರಲ್ಲಾ!" ಇಡೀ ಬಜಾರು ತಿರುಗಿ ನೋಡಿತು.

"ಖಾಲಿ ಡಬ್ಬಿ ತಗೊಂಡು ಏನ್ ಮಾಡಾವ್ರಿದ್ರಿ ಬಸಣ್ಣ?"

ಅವನ ಕಣ್ಣು ಮೂಲೆಯಲ್ಲಿದ್ದ ಅಗ್ಗದ ಲೂಸ್ ಆಯಿಲಿನ ಬ್ಯಾರಲ್ ಕಡೆ ಹೋಗಿ, ಗಡಬಡಿಸಿ ವಾಪಸು ಬಂತು. "ಮನ್ಯಾಗ... ಗಿಡಕ್ಕ ನೀರ ಹಾಕಾಕ ರೀ."

"ಹಂಗಾರ ಚೊಲೋನ ಆತಲ್ರಿ. ತೂತಿದ್ರ ನೀರು ಛಂದ ಬೀಳತೈತಿ."

ನನ್ನ ಎಂಜಿನ್ ಸತ್ತ ದಿನ ನಕ್ಕು ಸಮಾಧಾನ ಹೇಳಿದ ಮನುಷ್ಯ, ಒಂದು ಡಬ್ಬಿ ಸತ್ತಿದ್ದಕ್ಕೆ ಇವತ್ತು ಮಧ್ಯಾಹ್ನ ಊಟವನ್ನೇ ಮಾಡಿಲ್ಲವಂತೆ.