ಕಿತ್ತಳೆ ಬಣ್ಣದ ಗುಳಿಗೆ

ಹದಿನಾರು ತುಂಬುವ ಹೊತ್ತಿಗೆ ಹಿರಿಯೂರಿನ ಬಸ್ಸು ಹತ್ತಲು ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕಾಗಿತ್ತು. ತೋಳು ಮೇಲೆತ್ತಿದರೆ ಸೋತು ಬೀಳುತ್ತಿತ್ತು. ಹಾಗಾಗಿ ಜಡೆ ಹಾಕುತ್ತಿದ್ದುದು ಅವ್ವ. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆ ನಮ್ಮದು. ಅಪ್ಪನ ಜೊತೆ ಹೋದರೆ ಮಂದೆ ಎಲ್ಲೋ ಮುಂದೆ, ನಾನು ಹಿಂದೆ.

“ಕುರಿಗೇನು ಅವಸರ ಐತೆ, ಕುಂತ್ಕ” ಎಂದು ಅಪ್ಪ ತಾನೂ ಕೂರುತ್ತಿದ್ದ. ಊರವರು ನನ್ನನ್ನು ಸೋಮಾರಿ ಎಂದರೂ ಆತ ಒಮ್ಮೆಯೂ ಆ ಮಾತಾಡಲಿಲ್ಲ.

ರಕ್ತ ಕಡಿಮೆಯೆಂದು ಟಾನಿಕ್ ಕುಡಿಸಿದ್ದಾಯಿತು. ಮದುವೆಯಾದರೆ ಸರಿಹೋಗುತ್ತದೆ ಎಂದವರೂ ಇದ್ದರು. ಕೊನೆಗೆ ಚಿತ್ರದುರ್ಗದ ಡಾಕ್ಟರಮ್ಮ ಒಬ್ಬರು, ನಾನು ತೊಡೆಗೆ ಕೈಯೂರಿ ಏಳುವುದನ್ನು ನೋಡಿ, “ಇನ್ನೊಂದು ಸಲ ಕುಂತು ಏಳಮ್ಮ” ಎಂದರು. ತೊಡೆಯ ಸ್ನಾಯುವಿನ ಚೂರನ್ನೂ ರಕ್ತವನ್ನೂ ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದರು.

ಮೈ ತಾನೇ ತಯಾರಿಸಿಕೊಳ್ಳಬೇಕಾದ ಕೋಎಂಜೈಮ್ ಕ್ಯೂ ಎಂಬ ವಸ್ತು ನನ್ನಲ್ಲಿ ಸಾಕಷ್ಟು ತಯಾರಾಗುತ್ತಿರಲಿಲ್ಲ.

“ಅದೇನು ಮಾಡ್ತತೆ ಮೇಡಂ?” ಅಪ್ಪ ಕೇಳಿದ.

ಡಾಕ್ಟರಮ್ಮ ಹೊಸದುರ್ಗದವರು, ನಮ್ಮ ಮಾತಿನಲ್ಲೇ ಹೇಳಿದರು. “ಜೀವಕೋಶದಾಗೆ ಉಂಡಿದ್ದನ್ನ ಶಕ್ತಿ ಮಾಡೋ ಜಾಗ ಐತೆ. ಅಲ್ಲಿ ಎಲೆಕ್ಟ್ರಾನ್‌ಗಳನ್ನ ಈ ಕ್ಯೂ ಕೈಯಿಂದ ಕೈಗೆ ದಾಟಿಸ್ತತೆ. ಅದು ಕಡಿಮೆಯಾದ್ರೆ ಶಕ್ತಿ ಸಾಲಲ್ಲ. ಎಲೆಕ್ಟ್ರಾನ್ ದಾರೀಲೇ ಸೋರಿ ಆಮ್ಲಜನಕಾನ ಕೆಡಿಸ್ತವೆ. ಕೆಟ್ಟ ಆಮ್ಲಜನಕ ಕೋಶಾನೇ ತಿಂತತೆ. ಅದನ್ನ ತಣ್ಣಗೆ ಮಾಡಬೇಕಾದ್ದೂ ಕ್ಯೂನೇ.”

“ಹಂಗಾದ್ರೆ ಎರಡು ಕಡೆ ಲುಕ್ಸಾನು.”

“ಹೌದು. ಆದ್ರೆ ಇದನ್ನ ಹೊರಗಿಂದ ಕೊಡಬಹುದು. ಇಂಥ ಕಾಯಿಲೆಗಳಾಗೆ ಮದ್ದಿರೋವು ಕೆಲವೇ ಅವೆ. ಗುಣ ಕಾಣಾಕೆ ತಡ ಆಗ್ತತೆ, ಬಿಡಬೇಡ್ರಿ.”

ಕಿತ್ತಳೆ ಬಣ್ಣದ ಗುಳಿಗೆ. ಜಿಡ್ಡಿನ ಜೊತೆ ತೆಗೆದುಕೊಂಡರಷ್ಟೇ ಮೈಗೆ ಹತ್ತುತ್ತದೆ ಎಂದಿದ್ದರಿಂದ ಅವ್ವ ರೊಟ್ಟಿಗೆ ಬೆಣ್ಣೆ ಸವರಿ ಕೊಡುತ್ತಿದ್ದಳು. ತಿಂಗಳುಗಳು ಕಳೆದರೂ ಏನೂ ಬದಲಾಗಲಿಲ್ಲ. ನಾನು ಬೇಸತ್ತೆ, ಅವ್ವ ಬೇಸರಿಸಲಿಲ್ಲ.

ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಕುರಿಯೊಂದು ಈಯುತ್ತಿತ್ತು. ಅವ್ವ ಅಲ್ಲೇ ಇದ್ದಳು. ಕಾಲೇಜಿಗೆ ಹೊತ್ತಾಗುತ್ತಿತ್ತು. ನಾನು ಬಾಚಣಿಗೆ ಹಿಡಿದು ಕೂದಲು ಬಿಡಿಸುತ್ತ ಕೂತವಳು, ಜಡೆಯ ತುದಿಗೆ ರಬ್ಬರ್ ಹಾಕುವಾಗಲಷ್ಟೇ ಗಮನಿಸಿದೆ.

ಅವ್ವ ಬಂದು ಬಾಗಿಲಲ್ಲಿ ನಿಂತಳು. “ಯಾರು ಹಾಕಿದ್ರು?”

“ನಾನೇ.”

ಅವಳ ಕೈತುಂಬ ಈದ ಕುರಿಯ ಲೋಳೆ. ನನ್ನನ್ನು ಮುಟ್ಟಲಾಗದೆ ಹೊಸ್ತಿಲ ಮೇಲೆ ಕುಳಿತು ಅತ್ತಳು.

ಈಗ ಹೊಳಲ್ಕೆರೆಯಲ್ಲಿ ಕೆಲಸದಲ್ಲಿದ್ದೇನೆ. ಮಹಡಿ ಹತ್ತುವುದು ಇವತ್ತಿಗೂ ನಿಧಾನವೇ, ಆದರೆ ಹತ್ತುತ್ತೇನೆ. ಇದು ವಂಶದಲ್ಲಿ ಬರುವ ಕಾಯಿಲೆ ಎಂದು ಡಾಕ್ಟರಮ್ಮ ಹಟ ಹಿಡಿದು ನನ್ನ ತಂಗಿಯನ್ನೂ ಪರೀಕ್ಷಿಸಿದ್ದರು. ಅವಳಲ್ಲೂ ಅದೇ ದೋಷವಿತ್ತು. ಕೈಕಾಲು ಸೋಲುವ ಮೊದಲೇ ಗುಳಿಗೆ ಶುರುವಾಯಿತು. ನಾನು ಪಟ್ಟ ಪಾಡು ಅವಳಿಗೆ ಬರಲೇ ಇಲ್ಲ. ಅದಕ್ಕಾಗಿ ಆ ಡಾಕ್ಟರಮ್ಮನನ್ನು ನೆನೆಯದ ದಿನವಿಲ್ಲ.

ಮೊನ್ನೆ ಅಪ್ಪ ಫೋನಿನಲ್ಲಿ ದೂರು ಹೇಳುತ್ತಿದ್ದ. “ನಿನ್ನ ತಂಗಿ ಕುರಿಗಿಂತ ಮುಂದೆ ಓಡ್ತಾಳೆ. ನಂಗೇ ಉಬ್ಬಸ ಬರ್ತತೆ. ಒಂದೀಟು ಹೇಳು ಅವಳಿಗೆ.”

ನಾನು ಹೇಳಲಿಲ್ಲ.